ನನ್ನ ಬ್ಲಾಗು ಗೂಗಲ್‌ನಲ್ಲಿ ಇದೆಯಾ, ಇಲ್ವಾ?

ಪ್ರಶ್ನೆ: ಬ್ಲಾಗ್‌ಸ್ಪಾಟ್‌ನಲ್ಲಿ ನಮ್ಮ ಕಡೆಯ ಅಡುಗೆ ಬಗ್ಗೆ ಕನ್ನಡದಲ್ಲಿ ಬರೆಯುತ್ತೇನೆ. ತಂಬುಳಿ, ಅಪ್ಪೆಹುಳಿ, ತೊಡೆದೇವು, ಹೀಗೆ. ಗೂಗಲ್‌ನಲ್ಲಿ ‘ತಂಬುಳಿ’ ಅಂತ ಹುಡುಕಿದರೆ ಬೇರೆಯವರದ್ದೆಲ್ಲ ಬರುತ್ತದೆ, ನನ್ನದು ಬರುವುದಿಲ್ಲ. ನನ್ನ ಫೋನಿನಲ್ಲಿ ಒಮ್ಮೊಮ್ಮೆ ಕಾಣುತ್ತದೆ, ತಂಗಿಯ ಫೋನಿನಲ್ಲಿ ಇಲ್ಲವೇ ಇಲ್ಲ. ಪರಿಚಯದವರೊಬ್ಬರು ದುಡ್ಡು ಕೊಟ್ಟರೆ ಗೂಗಲ್‌ಗೆ ಸೇರಿಸಿಕೊಡುತ್ತೇನೆ ಅನ್ನುತ್ತಿದ್ದಾರೆ. ಕೊಡಬಹುದಾ?
– ಓದುಗರು, ಶಿರಸಿ

ಉತ್ತರ: ದುಡ್ಡಿನ ವಿಷಯ ಮೊದಲು ಮುಗಿಸೋಣ. ಕೊಡಬೇಡಿ. ಹುಡುಕಾಟದ ಮಾಮೂಲಿ ಫಲಿತಾಂಶಕ್ಕೆ ಸೇರಿಸಲು ಗೂಗಲ್ ಯಾರಿಂದಲೂ ಕಾಸು ತೆಗೆದುಕೊಳ್ಳುವುದಿಲ್ಲ. ಕಾಸು ಕೊಟ್ಟು ಬರುವುದು ಜಾಹೀರಾತು, ಅದರ ಮೇಲೆ ‘ಸ್ಪಾನ್ಸರ್ಡ್’ ಅಂತ ಬರೆದೇ ಇರುತ್ತದೆ. ನಿಮ್ಮ ಪರಿಚಯದವರು ಮಾಡುವ ಕೆಲಸ ಏನಿದ್ದರೂ ನೀವೇ ಒಂದು ಮಧ್ಯಾಹ್ನ ಕೂತು ಪುಕ್ಕಟೆ ಮಾಡಬಹುದು.

ಇನ್ನು ‘ತಂಬುಳಿ’ ಅಂತ ಹುಡುಕಿ ನೋಡಿದ್ದು. ಬಹಳ ಜನ ಹೀಗೇ ನೋಡುತ್ತಾರೆ, ಆದರೆ ಇದರಿಂದ ಗೊತ್ತಾಗುವುದು ಕಡಿಮೆ. ಗೂಗಲ್ ನಿಮ್ಮ ಪುಟವನ್ನು ಓದಿ ತನ್ನ ದಾಸ್ತಾನಿಗೆ ಸೇರಿಸಿಕೊಂಡಿದೆಯಾ ಅನ್ನುವುದು ಒಂದು ಪ್ರಶ್ನೆ, ಇದಕ್ಕೆ ಇಂಡೆಕ್ಸ್ ಆಗುವುದು ಅನ್ನುತ್ತಾರೆ. ಯಾರೋ ಹುಡುಕಿದಾಗ ಎಷ್ಟನೆಯದಾಗಿ ತೋರಿಸುತ್ತದೆ ಅನ್ನುವುದು ಬೇರೆಯದೇ ಪ್ರಶ್ನೆ. ಮದುವೆಗೆ ಕರೆಯೋಲೆ ಬಂದ ಮಾತ್ರಕ್ಕೆ ಮೊದಲ ಪಂಕ್ತಿಯಲ್ಲೇ ಎಲೆ ಸಿಗುತ್ತದಾ? ನಿಮ್ಮ ಬರಹ ಗೂಗಲ್‌ನಲ್ಲಿ ಇದ್ದೂ ಐದನೇ ಪುಟದಲ್ಲಿ ಕೂತಿರಬಹುದು. ಇಲ್ಲವೇ ನಿಜವಾಗಿಯೂ ಒಳಗೇ ಹೋಗದೆ ಇರಬಹುದು. ಎರಡಕ್ಕೂ ಮದ್ದು ಬೇರೆ ಬೇರೆ, ಹಾಗಾಗಿ ಯಾವುದು ಅಂತ ಮೊದಲು ಗೊತ್ತಾಗಬೇಕು.

ನಿಮ್ಮ ಫೋನಿನಲ್ಲಿ ಕಂಡು ತಂಗಿಯ ಫೋನಿನಲ್ಲಿ ಕಾಣದಿರುವುದರಲ್ಲಿ ವಿಚಿತ್ರ ಏನಿಲ್ಲ. ನೀವು ದಿನಾ ಆ ಬ್ಲಾಗಿಗೆ ಹೋಗುತ್ತೀರಿ, ಅದು ನಿಮ್ಮ ಖಾತೆಯ ಇತಿಹಾಸದಲ್ಲಿ ಉಳಿದಿರುತ್ತದೆ. ಊರು, ಭಾಷೆಯ ಸೆಟ್ಟಿಂಗ್ ಬದಲಾದರೂ ಫಲಿತಾಂಶ ಆಚೀಚೆ ಆಗುತ್ತದೆ. ಇನ್ಮೇಲೆ ಪರೀಕ್ಷೆ ಮಾಡುವಾಗ, ಖಾತೆಯ ಇತಿಹಾಸ ಲೆಕ್ಕಕ್ಕೆ ಬಾರದ ಕ್ರೋಮ್‌ನ ಇನ್‌ಕಾಗ್ನಿಟೊ ಕಿಟಕಿಯಲ್ಲೇ ಮಾಡಿ.

ಈಗ ಪರೀಕ್ಷೆ. ತಂಬುಳಿ ಬರಹದ ಮಧ್ಯದಿಂದ ಆರೇಳು ಪದದ ಒಂದು ತುಂಡು ಎತ್ತಿಕೊಳ್ಳಿ. ‘ಸಾಸಿವೆ ಚಟಪಟ ಅಂದ ಮೇಲೆ’ ಥರದ್ದು ಬೇಡ, ಅದನ್ನು ಅಡುಗೆ ಬರೆಯುವವರೆಲ್ಲ ಬರೆದಿರುತ್ತಾರೆ. ‘ಒಂದೆಲಗದ ಮಣ್ಣು ಹೋಗುವವರೆಗೂ ಅಜ್ಜಿ ಬಾವಿಕಟ್ಟೆಯಿಂದ ಏಳುತ್ತಿರಲಿಲ್ಲ’ ಥರದ್ದು ಬೇಕು, ನೀವು ಮಾತ್ರ ಬರೆಯಬಲ್ಲದ್ದು. ಅದನ್ನು ಜೋಡಿ ಉದ್ಧರಣ ಚಿಹ್ನೆಯ ಒಳಗೆ ಹಾಕಿ ಹುಡುಕಿ. ನಿಮ್ಮ ಪುಟ ಬಂತಾ? ಹಾಗಾದರೆ ಅದು ಗೂಗಲ್‌ನಲ್ಲಿದೆ, ಮುಗಿಯಿತು. ನಿಮ್ಮದರ ಬದಲು ಇನ್ಯಾರದೋ ಪುಟ ಬಂದರೆ ನಿಮ್ಮ ಬರಹ ಕದ್ದು ಹಾಕಿಕೊಂಡಿದ್ದಾರೆ ಅಂತಲೂ ಇದರಲ್ಲೇ ಗೊತ್ತಾಗುತ್ತದೆ. ಅಡುಗೆ ಬರೆಯುವವರಿಗೆ ಈ ಕಾಟ ಜಾಸ್ತಿ.

ಇನ್ನೊಂದು ದಾರಿ, ಇಂಗ್ಲಿಷ್ ಅಕ್ಷರದಲ್ಲಿ ‘ಸೈಟ್’ ಅಂತ ಬರೆದು, ಕೋಲನ್ ಹಾಕಿ, ಜಾಗ ಬಿಡದೆ ಬ್ಲಾಗಿನ ವಿಳಾಸ ಕೊಡುವುದು. ಜಾಗ ಬಿಟ್ಟರೆ ಕೆಲಸ ಮಾಡುವುದಿಲ್ಲ. ಆ ಬ್ಲಾಗಿನ ಪುಟಗಳಷ್ಟೇ ಬರುತ್ತವೆ. ಸುಮ್ನೆ ಒಂದು ಅಂದಾಜಿಗೆ ಒಳ್ಳೆಯದು. ಆದರೆ ಅಲ್ಲಿ ಎಲ್ಲ ಪುಟವನ್ನೂ ತೋರಿಸುತ್ತೇವೆ ಅಂತ ಗೂಗಲ್ ಎಲ್ಲೂ ಹೇಳಿಲ್ಲ, ಬಿಟ್ಟುಹೋಗುವುದೂ ಉಂಟು. ಆದ್ದರಿಂದ ಲೆಕ್ಕ ಕಮ್ಮಿ ಬಂತು ಅಂತ ಗಾಬರಿಯಾಗಬೇಡಿ. ಹಿಂದೆ ಗೂಗಲ್ ಇಟ್ಟುಕೊಂಡ ಪ್ರತಿಯನ್ನೇ ತೆರೆದು ನೋಡುವ ‘ಕ್ಯಾಶ್ಡ್’ ಕೊಂಡಿ ಇತ್ತು, 2024ರಲ್ಲಿ ಅದನ್ನು ತೆಗೆದರು. ಹಳೆಯ ವಿಡಿಯೊಗಳಲ್ಲಿ ಅದನ್ನು ಹೇಳಿಕೊಡುವುದು ನೋಡಿ ಹುಡುಕಾಡಬೇಡಿ.

ಖಚಿತ ಉತ್ತರ ಬೇಕು ಅಂದರೆ ಗೂಗಲ್ ಸರ್ಚ್ ಕನ್ಸೋಲ್, ಅಂದರೆ ನಮ್ಮ ಪುಟಗಳು ಹುಡುಕಾಟದಲ್ಲಿ ಹೇಗಿವೆ ಅಂತ ಗೂಗಲ್ಲೇ ತೋರಿಸುವ ತಾಣ. ಇದೂ ಪುಕ್ಕಟೆ. ಬ್ಲಾಗ್ ಯಾವ ಜಿಮೇಲ್‌ನಲ್ಲಿದೆಯೋ ಅದರಲ್ಲೇ ಒಳಗೆ ಹೋಗಿ ವಿಳಾಸ ಸೇರಿಸಿದರೆ, ಬ್ಲಾಗ್‌ಸ್ಪಾಟ್ ಆದ ಕಾರಣ ಸಾಮಾನ್ಯವಾಗಿ ತಾನಾಗಿಯೇ ನಿಮ್ಮದು ಅಂತ ಒಪ್ಪಿಕೊಳ್ಳುತ್ತದೆ. ಮೇಲಿನ ಉದ್ದದ ಪೆಟ್ಟಿಗೆಯಲ್ಲಿ ತಂಬುಳಿ ಬರಹದ ಪೂರ್ತಿ ವಿಳಾಸ ಅಂಟಿಸಿ ಎಂಟರ್ ಒತ್ತಿ. ಇಲ್ಲೊಂದು ಎಚ್ಚರ. ಫೋನಿನಿಂದ ವಿಳಾಸ ಕಾಪಿ ಮಾಡಿದರೆ ಬ್ಲಾಗ್‌ಸ್ಪಾಟ್ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ, ಎಮ್, ಈಕ್ವಲ್, 1 ಅಂತ ಒಂದು ಬಾಲ ಸೇರಿಸಿರುತ್ತದೆ. ಅದು ಮೊಬೈಲ್ ರೂಪದ ವಿಳಾಸ. ಅದನ್ನೇ ಪರೀಕ್ಷಿಸಿ ‘ಇಲ್ಲ’ ಅಂತ ಬಂದಿದ್ದಕ್ಕೆ ಬೇಜಾರು ಮಾಡಿಕೊಂಡವರು ಬೇಕಾದಷ್ಟಿದ್ದಾರೆ. ಬಾಲ ಕತ್ತರಿಸಿ ನೋಡಿ.

‘ಯುಆರ್‌ಎಲ್ ಈಸ್ ಆನ್ ಗೂಗಲ್’ ಅಂತ ಹಸಿರು ಗುರುತು ಬಂದರೆ ಪುಟ ಒಳಗಿದೆ. ಅದರ ಪಕ್ಕದ ‘ಟೆಸ್ಟ್ ಲೈವ್ ಯುಆರ್‌ಎಲ್’ ಒತ್ತಿ ‘ಅವೇಲಬಲ್ ಟು ಗೂಗಲ್’ ಅಂತ ಬಂದರೆ ಖುಷಿಪಡಬೇಡಿ. ಒಳಗೆ ಬರಲು ಅಡ್ಡಿ ಇಲ್ಲ ಅಂತಷ್ಟೇ ಅದರ ಅರ್ಥ, ಬಂದಿದೆ ಅಂತಲ್ಲ. ‘ಡಿಸ್ಕವರ್ಡ್, ಕರೆಂಟ್ಲಿ ನಾಟ್ ಇಂಡೆಕ್ಸ್ಡ್’ ಅಂದರೆ ವಿಳಾಸ ಗೊತ್ತಾಗಿದೆ, ಇನ್ನೂ ಬಂದು ಓದಿಲ್ಲ. ಕಾಯಬೇಕು. ಕೆಲವು ದಿನ ಆಗಬಹುದು, ಕೆಲವು ವಾರವೂ ಆಗಬಹುದು. ‘ಕ್ರಾಲ್ಡ್, ಕರೆಂಟ್ಲಿ ನಾಟ್ ಇಂಡೆಕ್ಸ್ಡ್’ ಅಂದರೆ ಬಂದು ಓದಿದೆ, ಸದ್ಯಕ್ಕೆ ಇಟ್ಟುಕೊಳ್ಳುವುದು ಬೇಡ ಅಂದುಕೊಂಡಿದೆ. ಎರಡು ಸಾಲಿನ ಬರಹ, ಬರೀ ಫೋಟೊ ಹಾಕಿದ ಬರಹ, ಬೇರೆ ಕಡೆ ಇರುವುದನ್ನೇ ತಂದು ಹಾಕಿದ್ದು ಈ ಗುಂಪಿಗೆ ಬೀಳುವ ಸಂಭವ ಹೆಚ್ಚು. ಪಾಕವಿಧಾನವನ್ನು ಚಿತ್ರದ ಮೇಲೆ ಬರೆದು ಹಾಕುವ ಅಭ್ಯಾಸ ಇದ್ದರೆ ಬಿಡಿ, ಅಕ್ಷರದಲ್ಲೇ ಟೈಪ್ ಮಾಡಿ.

‘ರಿಕ್ವೆಸ್ಟ್ ಇಂಡೆಕ್ಸಿಂಗ್’ ಅನ್ನುವ ಗುಂಡಿ ಇದೆ. ಒಂದು ಸಲ ಒತ್ತಿ ಸಾಕು. ಹತ್ತು ಸಲ ಒತ್ತಿದರೆ ಬೇಗ ಆಗುವುದಿಲ್ಲ, ದಿನಕ್ಕೆ ಇಷ್ಟೇ ಅಂತ ಮಿತಿಯೂ ಇದೆ. ಅದಕ್ಕಿಂತ ಉಪಯೋಗ ಆಗುವುದು ಸೈಟ್‌ಮ್ಯಾಪ್, ಅಂದರೆ ಬ್ಲಾಗಿನ ಪುಟಗಳ ವಿಳಾಸದ ಪಟ್ಟಿ. ಕನ್ಸೋಲ್‌ನ ಎಡಗಡೆ ‘ಸೈಟ್‌ಮ್ಯಾಪ್ಸ್’ಗೆ ಹೋಗಿ, ಇಂಗ್ಲಿಷಿನಲ್ಲಿ ‘ಸೈಟ್‌ಮ್ಯಾಪ್ ಡಾಟ್ ಎಕ್ಸ್‌ಎಮ್‌ಎಲ್’ ಅಂತ ಕೊಟ್ಟು ಸಬ್‌ಮಿಟ್ ಮಾಡಿ. ಬ್ಲಾಗ್‌ಸ್ಪಾಟ್ ಆ ಕಡತವನ್ನು ತಾನೇ ಮಾಡಿ ಇಟ್ಟಿರುತ್ತದೆ.

ಒಂದು ಪುಟವೂ ಒಳಗಿಲ್ಲ ಅಂತಾದರೆ ಬ್ಲಾಗ್‌ಸ್ಪಾಟ್‌ನ ಸೆಟ್ಟಿಂಗ್ಸ್‌ಗೆ ಹೋಗಿ. ಪ್ರೈವಸಿ ಕೆಳಗೆ ‘ವಿಸಿಬಲ್ ಟು ಸರ್ಚ್ ಇಂಜಿನ್ಸ್’ ಆಫ್ ಆಗಿದೆಯಾ ನೋಡಿ. ಅಲ್ಲೇ ಸ್ವಲ್ಪ ಕೆಳಗೆ ‘ಕಸ್ಟಮ್ ರೋಬೋಟ್ಸ್ ಹೆಡರ್ ಟ್ಯಾಗ್ಸ್’ ಅಂತ ಇರುತ್ತದೆ, ಅದರಲ್ಲಿ ಬರಹಗಳಿಗೆ ‘ನೋಇಂಡೆಕ್ಸ್’ ಆನ್ ಆಗಿದ್ದರೆ ನೀವೇ ಗೂಗಲ್‌ಗೆ ಬರಬೇಡ ಅಂದ ಹಾಗೆ. ಯಾವುದೋ ವಿಡಿಯೊ ನೋಡಿ ಎಲ್ಲ ಗುಂಡಿ ಒತ್ತಿದವರ ಬ್ಲಾಗುಗಳಲ್ಲಿ ಇದು ಮಾಮೂಲಿ. ಒಂದೇ ಲೇಬಲ್‌ನ ಬರಹಗಳನ್ನು ಒಟ್ಟಿಗೆ ತೋರಿಸುವ ಲೇಬಲ್ ಪುಟಗಳು ‘ರೋಬೋಟ್ಸ್’ನಿಂದ ತಡೆಯಲ್ಪಟ್ಟಿವೆ ಅಂತ ಕನ್ಸೋಲ್ ತೋರಿಸಿದರೆ ಮಾತ್ರ ತಲೆಕೆಡಿಸಿಕೊಳ್ಳಬೇಡಿ. ಬ್ಲಾಗ್‌ಸ್ಪಾಟ್ ಬೇಕಂತಲೇ ಹಾಗೆ ಇಟ್ಟಿದೆ.

ಪುಟ ಒಳಗಿದೆ, ಆದರೂ ಜನ ಬರುತ್ತಿಲ್ಲ ಅಂತಾದರೆ ಕನ್ಸೋಲ್‌ನ ‘ಪರ್ಫಾರ್ಮೆನ್ಸ್’ ನೋಡಿ. ಯಾವ ಪದ ಹುಡುಕಿದಾಗ ನಿಮ್ಮ ಪುಟ ತೋರಿಸಿತು, ಎಷ್ಟು ಜನ ಒತ್ತಿದರು, ಸರಾಸರಿ ಎಷ್ಟನೇ ಸ್ಥಾನ, ಎಲ್ಲ 16 ತಿಂಗಳವರೆಗೂ ಇರುತ್ತದೆ. ತೀರಾ ಅಪರೂಪಕ್ಕೆ ಹುಡುಕಿದ ಪದಗಳನ್ನು ಮಾತ್ರ ಹುಡುಕಿದವರ ಗುಟ್ಟು ಕಾಯಲು ಮುಚ್ಚಿಡುತ್ತಾರೆ. ಈ ಪಟ್ಟಿ ನಿಜಕ್ಕೂ ಮಜಾ ಇರುತ್ತದೆ. ನಮ್ಮವರಲ್ಲಿ ಬಹಳ ಮಂದಿ ಕನ್ನಡದ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುತ್ತಾರೆ, ಅಲ್ವಾ? ಹಾಗಾಗಿ ತಂಬುಳಿ ಅನ್ನುವುದನ್ನು ಬರಹದಲ್ಲಿ ಎಲ್ಲಾದರೂ ಒಂದು ಕಡೆ ಇಂಗ್ಲಿಷ್ ಅಕ್ಷರದಲ್ಲೂ ಬರೆಯಿರಿ. ಹೊಸ ಬರಹದ ವಿಳಾಸವನ್ನೂ ಸರಿ ಮಾಡಿಕೊಳ್ಳಿ. ಕನ್ನಡ ಶೀರ್ಷಿಕೆ ಕೊಟ್ಟರೆ ಬ್ಲಾಗ್‌ಸ್ಪಾಟ್‌ಗೆ ಅದರಿಂದ ವಿಳಾಸ ಮಾಡಲು ಬರುವುದಿಲ್ಲ, ‘ಬ್ಲಾಗ್-ಪೋಸ್ಟ್_17’ ಥರದ್ದು ಏನೋ ಹಾಕಿಬಿಡುತ್ತದೆ. ಪ್ರಕಟಿಸುವ ಮೊದಲೇ ‘ಪರ್ಮಾಲಿಂಕ್’ನಲ್ಲಿ ನೀವೇ ಇಂಗ್ಲಿಷ್ ಅಕ್ಷರದ ಹೆಸರು ಕೊಡಿ. ಹಳೆಯವನ್ನು ಮುಟ್ಟಬೇಡಿ, ಜನ ಹಂಚಿಕೊಂಡ ಕೊಂಡಿಗಳೆಲ್ಲ ಮುರಿದುಹೋಗುತ್ತವೆ.

ಪ್ರಶ್ನೆ: 2007ರಲ್ಲಿ ಬರೆದ ನನ್ನ ಕವಿತೆಗಳು ಈಗಲೂ ಬ್ಲಾಗಿನಲ್ಲಿವೆ. ಸರ್ಚ್ ಕನ್ಸೋಲ್‌ನಲ್ಲಿ ಹಸಿರು ಗುರುತು ಇದೆ. ಆದರೆ ಯಾವ ಸಾಲು ಹುಡುಕಿದರೂ ಸಿಗುವುದಿಲ್ಲ. – ಓದುಗರು, ಧಾರವಾಡ

ಉತ್ತರ: ಯಾವ ಫಾಂಟಿನಲ್ಲಿ ಟೈಪ್ ಮಾಡಿದ್ದಿರಿ? ಆಗಿನ ‘ನುಡಿ’ ತಂತ್ರಾಂಶದ ಹಳೆಯ ಫಾಂಟಾಗಿದ್ದರೆ ಕಾರಣ ಅದೇ. ಯೂನಿಕೋಡ್‌ನಲ್ಲಿ ಕನ್ನಡದ ಅಕ್ಷರಗಳಿಗೆ ಅವುಗಳದ್ದೇ ಸಂಕೇತ ಇರುತ್ತದೆ. ಯೂನಿಕೋಡ್ ಅಲ್ಲದ ಆ ಫಾಂಟುಗಳು ಇಂಗ್ಲಿಷ್ ಅಕ್ಷರಕ್ಕೆ ಕನ್ನಡದ ವೇಷ ಹಾಕುತ್ತಿದ್ದವು, ಅಷ್ಟೇ. ನಮ್ಮ ಕಣ್ಣಿಗೆ ‘ಕನ್ನಡ’ ಅಂತ ಕಂಡದ್ದು ಗೂಗಲ್‌ಗೆ ಇಂಗ್ಲಿಷಿನ ಪಿ, ಪೌಂಡ್ ಗುರುತು, ಕ್ಯೂ, ನಡುವೆ ಟೋಪಿ ಹಾಕಿದ ಎ ಸೇರಿದ ಕಲಸುಮೇಲೋಗರ. ಅದನ್ನೇ ಇಂಡೆಕ್ಸ್ ಮಾಡಿ ಇಟ್ಟುಕೊಂಡಿದೆ. ಫಾಂಟ್ ಇಲ್ಲದ ಫೋನಿನಲ್ಲಿ ತೆರೆದು ನೋಡಿ, ನಿಮಗೂ ಹಾಗೇ ಕಾಣುತ್ತದೆ.

ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಅದೇ ಪುಟವನ್ನು ತಿದ್ದಿ ಹೊಸ ಪಠ್ಯ ಅಂಟಿಸಿ, ಹೊಸ ಪೋಸ್ಟ್ ಮಾಡಬೇಡಿ. ಪರಿವರ್ತನೆ ಆದಮೇಲೆ ಅರ್ಕಾವತ್ತು ಇರುವ ಪದಗಳನ್ನು ಕಣ್ಣಾರೆ ನೋಡಿ, ಎಡವುವುದು ಹೆಚ್ಚಾಗಿ ಅಲ್ಲೇ. ಕವಿತೆ ಅಂದಮೇಲೆ ಒಂದೊಂದು ಅಕ್ಷರಕ್ಕೂ ಬೆಲೆ. ಆಮೇಲೆ ಮೇಲೆ ಹೇಳಿದ ‘ರಿಕ್ವೆಸ್ಟ್ ಇಂಡೆಕ್ಸಿಂಗ್’ ಗುಂಡಿ ಒತ್ತಿ.

ಪ್ರಶ್ನೆ: ಗೂಗಲ್‌ನಲ್ಲಿ ಬರುತ್ತದೆ, ಬಿಂಗ್‌ನಲ್ಲಿ ಬರುವುದಿಲ್ಲ. ಏನಾದರೂ ಮಾಡಬೇಕಾ? – ಓದುಗರು, ಮೈಸೂರು

ಉತ್ತರ: ಮಾಡಿದರೆ ಒಳ್ಳೆಯದು, ಯಾಕೆಂದರೆ ಡಕ್‌ಡಕ್‌ಗೋ ಅನ್ನುವ ಇನ್ನೊಂದು ಹುಡುಕಾಟದ ತಾಣ ಕೂಡ ಹೆಚ್ಚಾಗಿ ಬಿಂಗ್‌ನಿಂದಲೇ ಫಲಿತಾಂಶ ತರಿಸಿಕೊಳ್ಳುತ್ತದೆ. ಬಿಂಗ್ ವೆಬ್‌ಮಾಸ್ಟರ್ ಟೂಲ್ಸ್‌ಗೆ ಹೋಗಿ. ಸರ್ಚ್ ಕನ್ಸೋಲ್‌ನಿಂದ ಎಲ್ಲ ತಂದುಕೊಳ್ಳುವ ‘ಇಂಪೋರ್ಟ್’ ಅಲ್ಲೇ ಇದೆ, ಐದು ನಿಮಿಷದ ಕೆಲಸ. ನಿಮ್ಮದು ವರ್ಡ್‌ಪ್ರೆಸ್ ಆಗಿದ್ದರೆ ಸೆಟ್ಟಿಂಗ್ಸ್, ರೀಡಿಂಗ್‌ಗೆ ಹೋಗಿ ‘ಡಿಸ್ಕರೇಜ್ ಸರ್ಚ್ ಇಂಜಿನ್ಸ್’ ಮುಂದೆ ಟಿಕ್ ಇಲ್ಲ ಅಂತಲೂ ನೋಡಿಬಿಡಿ.