ಹಡಗಿನ ಹಾದಿಗೂ ನಕ್ಷೆ

ಪ್ರಶ್ನೆ: ಕೊಡಗಿನ ಕಾಫಿ ಪಣಂಬೂರಿನ ನವಮಂಗಳೂರು ಬಂದರಿನಿಂದ ಹಡಗೇರುತ್ತದೆ. ರಸ್ತೆಯೇ ಇಲ್ಲದ ಕಡಲಿನಲ್ಲಿ ಹಡಗುಗಳ ಸಂಚಾರದ ನಕ್ಷೆಯನ್ನು ಹೇಗೆ ರಚಿಸುತ್ತಾರೆ?
– ಕಾಫಿ ಬೆಳೆಗಾರರು, ಸೋಮವಾರಪೇಟೆ

ಉತ್ತರ: ಅಂತರರಾಷ್ಟ್ರೀಯ ಯಾನದಲ್ಲಿರುವ, 300 ಒಟ್ಟು ಟನ್ನೇಜ್ (ಹಡಗಿನ ಒಳಗಾತ್ರದ ಅಳತೆ) ಮತ್ತು ಅದಕ್ಕೂ ಮೇಲ್ಪಟ್ಟ ಹಡಗುಗಳಲ್ಲಿ ಎಐಎಸ್ ಎಂಬ ಸ್ವಯಂಚಾಲಿತ ಗುರುತಿನ ಸಾಧನ ಕಡ್ಡಾಯ. ಹಡಗು ಸಾಗುತ್ತಿರುವಾಗ 2ರಿಂದ 10 ಸೆಕೆಂಡಿಗೊಮ್ಮೆ, ಲಂಗರು ಹಾಕಿ ನಿಂತಾಗ 3 ನಿಮಿಷಕ್ಕೊಮ್ಮೆ, ಅದು ಹಡಗಿನ ಗುರುತು, ಸ್ಥಾನ ಮತ್ತು ವೇಗವನ್ನು ರೇಡಿಯೊದಲ್ಲಿ ಬಿತ್ತರಿಸುತ್ತದೆ. ಈ ಬಿಂದುಗಳನ್ನು ಜೋಡಿಸಿ, ಕಡಲನ್ನು ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕವನ್ನು ದಾಟಿದ ಹಡಗುಗಳನ್ನು ಎಣಿಸಿದರೆ ದಟ್ಟಣೆಯ ನಕ್ಷೆ ಸಿದ್ಧವಾಗುತ್ತದೆ.

ಅದು ಆಗಿಹೋದ ಸಂಚಾರವನ್ನಷ್ಟೇ ತೋರಿಸುತ್ತದೆ. ನಾಳೆ ಕಡಲಿನಲ್ಲಿ ಗಾಳಿಯಂತ್ರಗಳನ್ನು ನೆಟ್ಟರೆ ಹಡಗುಗಳು ಎತ್ತ ತಿರುಗುತ್ತವೆ ಎಂಬುದನ್ನು ತಿಳಿಯಲು ಸಿಮ್ಯುಲೇಶನ್, ಅಂದರೆ ಕಂಪ್ಯೂಟರಿನಲ್ಲಿ ನಡೆಸುವ ಅಣಕು ಸಂಚಾರ, ಬೇಕು: ಪ್ರತಿ ಚೌಕಕ್ಕೂ ಆಳ, ದೂರ, ಅಪಾಯಗಳಿಗೆ ತಕ್ಕ ‘ವೆಚ್ಚ’ವನ್ನು (ಹಣವಲ್ಲ, ದಾಟುವ ಕಷ್ಟವನ್ನು ಸೂಚಿಸುವ ಅಂಕ) ನಿಗದಿಪಡಿಸಿದಾಗ, ಕಂಪ್ಯೂಟರ್ ಕಡಿಮೆ ವೆಚ್ಚದ ಹಾದಿಯನ್ನು ಹುಡುಕಿಕೊಡುತ್ತದೆ.

ನಾಡದೋಣಿಗಳಲ್ಲಿ ಸಾಮಾನ್ಯವಾಗಿ ಎಐಎಸ್ ಸಾಧನವಿರುವುದಿಲ್ಲವಾದ್ದರಿಂದ, ನಕ್ಷೆಯಲ್ಲಿ ಖಾಲಿ ಕಂಡ ಜಾಗ ನಿಜಕ್ಕೂ ಖಾಲಿಯೆಂದು ನಂಬುವುದು ದೊಡ್ಡ ಅನ್ಯಾಯ; ಮೀನುಗಾರರನ್ನು ಕೇಳದೆ ಇಂಥ ಯೋಜನೆಯನ್ನು ರೂಪಿಸಲೇಬಾರದು. ಕರ್ನಾಟಕ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ, ಆ ಎರಡು ತಿಂಗಳ ಮಾಹಿತಿಯೊಂದನ್ನೇ ನೆಚ್ಚಿದ ನಕ್ಷೆಯಲ್ಲಿ ಹಡಗು ಮತ್ತು ಯಾಂತ್ರೀಕೃತ ದೋಣಿಗಳ ಹಾದಿ ಅಡ್ಡಹಾಯುವ ತಾಣಗಳು ಸರಿಯಾಗಿ ಕಾಣಸಿಗುವುದಿಲ್ಲ.