ಸ್ಕೀ ರಜೆಗೆ ನಾನು ಹೋಗದೆ ಇದ್ದರೆ ತಪ್ಪಾ?

ಪ್ರಶ್ನೆ: ನಾವು ಮ್ಯೂನಿಕ್‌ನಲ್ಲಿದ್ದೇವೆ. ಮಗಳಿಗೆ ಒಂಬತ್ತು ವರ್ಷ, ಮಗನಿಗೆ ಐದು. ಫೆಬ್ರವರಿಯಲ್ಲಿ ಶಾಲೆಗೆ ಒಂದು ವಾರ ಫಾಶಿಂಗ್ (ಕಾರ್ನಿವಲ್ ಹಬ್ಬದ) ರಜೆ. ಆಗ ಆಫೀಸಿನ ಗೆಳೆಯರ ಜೊತೆ ಆಸ್ಟ್ರಿಯಾದ ಸೋಲ್ಡನ್‌ಗೆ ಹೋಗೋಣ, ಎಲ್ಲರೂ ಸ್ಕೀ ಕಲಿಯೋಣ ಎಂದು ಇವರು ಹಟ ಹಿಡಿದಿದ್ದಾರೆ. ಕ್ಲಾಸಿನಲ್ಲಿ ಎಲ್ಲರಿಗೂ ಸ್ಕೀ ಬರುತ್ತೆ, ನನಗೊಬ್ಬಳಿಗೇ ಬರಲ್ಲ ಅಂತ ಮಗಳದ್ದೂ ಗೋಳು. ಅದೇ ಹೊತ್ತಿಗೆ ಹಾಸನದಿಂದ ಅತ್ತೆ ಮಾವ ಬಂದಿರುತ್ತಾರೆ. ಮಾವನಿಗೆ ಬಿಪಿ, ಅತ್ತೆಗೆ ಮಂಡಿ ನೋವು. ಇಬ್ಬರೂ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ನನಗೋ ಜಾರುವುದೆಂದರೇ ಭಯ. "ನೀವು ಮೂವರು ಹೋಗಿ ಬನ್ನಿ, ನಾನು ಅತ್ತೆ ಮಾವನ ಜೊತೆ ಮನೇಲಿರ್ತೀನಿ" ಅಂದೆ. ಆಮೇಲೆ ಇವರು ಸರಿಯಾಗಿ ಮಾತೇ ಆಡುತ್ತಿಲ್ಲ. ನಾನು ಹೇಳಿದ್ದು ತಪ್ಪಾ?

ಉತ್ತರ: ತಪ್ಪಲ್ಲ. ಆದರೆ ಅಷ್ಟು ಬೇಗ ಹೇಳಿಬಿಟ್ಟಿರಲ್ಲ, ಅದು ನನ್ನನ್ನು ಕಾಡಿತು. ನಿಮ್ಮ ಪತ್ರದಲ್ಲಿ ಗಂಡನ ಆಸೆ ಇದೆ, ಮಗಳ ಗೋಳಿದೆ, ಮಾವನ ಬಿಪಿ, ಅತ್ತೆಯ ಮಂಡಿ ಎಲ್ಲಾ ಇದೆ. ನಿಮಗೆ ಏನು ಬೇಕು ಅನ್ನುವುದು ಮಾತ್ರ ಎಲ್ಲೂ ಇಲ್ಲ. ಹಗಲೆಲ್ಲಾ ಹಿರಿಯರ ಜೊತೆ ಯಾರಿರಬೇಕು ಎಂಬ ಮಾತು ಮನೆಯಲ್ಲಿ ಏಳುವ ಮೊದಲೇ ಆ ಕೆಲಸವನ್ನು ನೀವು ತಲೆ ಮೇಲೆ ಹೊತ್ತುಕೊಂಡಿದ್ದೀರಿ. ನಿಮ್ಮ ಯಜಮಾನರಿಗೆ ಇದು ಕಂಡಿರಲಿಕ್ಕಿಲ್ಲ. "ನನಗೆ ನಿಮ್ಮ ಜೊತೆ ಬರೋದು ಬೇಡ" ಅಂತಲೇ ಅವರಿಗೆ ಕೇಳಿಸಿರಬೇಕು. ಅವರ ಮುನಿಸಿಗೂ ಕಾರಣವಿದೆ.

ಮೊದಲು ಜಾಗದ ವಿಷಯ ನೋಡೋಣ. ನಿಮ್ಮ ಜಗಳದ ಅರ್ಧ ಭಾಗ ಅಲ್ಲೇ ಕರಗಬಹುದು. ಸೋಲ್ಡನ್ ಚೆನ್ನಾಗಿ ಸ್ಕೀ ಬರುವವರಿಗೆ ಅಚ್ಚುಮೆಚ್ಚಿನ ಊರು. ಅಲ್ಲಿ ಲಿಫ್ಟುಗಳು 3000 ಮೀಟರಿಗಿಂತ ಮೇಲಕ್ಕೆ ಹೋಗುತ್ತವೆ. ಅಲ್ಲಿನ ಹಿಮನದಿಯ ಮೇಲೆ ಪ್ರತಿವರ್ಷ ಅಕ್ಟೋಬರಿನಲ್ಲಿ ವಿಶ್ವಕಪ್ ರೇಸ್ ನಡೆಯುತ್ತದೆ. ಊರಿಗೆ ರೈಲಿಲ್ಲ, ಕಣಿವೆಯ ಬಾಯಲ್ಲಿ ಇಳಿದು ಬಸ್ ಹಿಡಿಯಬೇಕು. ಐದು ವರ್ಷದ ಮಗು, ಮಂಡಿ ನೋವಿನ ಅತ್ತೆ, ಜಾರಲು ಹೆದರುವ ನೀವು... ಮೊದಲ ಸಲಕ್ಕೆ ಇದು ಸರಿಯಾದ ಆಯ್ಕೆ ಅಂತ ನನಗೆ ಅನ್ನಿಸುವುದಿಲ್ಲ.

ಬದಲಿಗೆ ಸೇಫೆಲ್ಡ್ ನೋಡಿ. ಅದೂ ಸೋಲ್ಡನ್ ಇರುವ ಟಿರೋಲ್ ಪ್ರಾಂತ್ಯದ್ದೇ. ಮ್ಯೂನಿಕ್‌ನಿಂದ ಗಾರ್ಮಿಶ್, ಮಿಟ್ಟನ್‌ವಾಲ್ಡ್ ದಾಟಿ ಇನ್ಸ್‌ಬ್ರುಕ್ ಕಡೆ ಹೋಗುವ ರೈಲಿನ ದಾರಿಯಲ್ಲೇ ಸಿಗುತ್ತದೆ. ಸುಮಾರು 1200 ಮೀಟರ್ ಎತ್ತರದ ಬಯಲಿನಂಥ ಊರು. 1964 ಮತ್ತು 1976ರ ಇನ್ಸ್‌ಬ್ರುಕ್ ಒಲಿಂಪಿಕ್ಸ್‌ನಲ್ಲಿ ಸಮತಟ್ಟಿನ ಸ್ಕೀ ಓಟಗಳು ನಡೆದದ್ದು ಇಲ್ಲೇ. ಇಲ್ಲಿ ಸ್ಕೀ ಮಾಡದವರಿಗೂ ಮಾಡಲು ಬೇಕಾದಷ್ಟಿದೆ. ಹಿಮ ತಟ್ಟಿ ಸಮ ಮಾಡಿದ ನಡಿಗೆ ದಾರಿಗಳು, ಕುದುರೆ ಗಾಡಿ, ವಿಲ್ಡ್‌ಸೇ ಕೆರೆಯ ದಂಡೆ, ಪುಟ್ಟ ಗುಂಡನೆಯ ಸೇಕಿರ್ಶ್ಲ್ ಚರ್ಚು. ಊರೊಳಗೇ ಗೈಗನ್‌ಬ್ಯೂಲ್ ಎಂಬ ಸಣ್ಣ ಇಳಿಜಾರಿದೆ. ಹೊಸಬರು ಕಲಿಯುವುದು ಅಲ್ಲಿ. ಅತ್ತೆ ಮಾವ ಹತ್ತಿರದಲ್ಲೇ ನಿಂತು ಮೊಮ್ಮಗ ಬೀಳುವುದನ್ನೂ ಏಳುವುದನ್ನೂ ನೋಡಬಹುದು. ಇದು ಅವರಿಗೆ ಯಾವ ಶಿಖರಕ್ಕಿಂತಲೂ ಹೆಚ್ಚು ಸಂತೋಷ ಕೊಡುತ್ತದೆ. ಗೆಳೆಯರ ಜೊತೆ ಒಂದು ದಿನ ಕಳೆಯಬೇಕು ಅಂತ ಯಜಮಾನರಿಗಿದ್ದರೆ ಸೋಲ್ಡನ್‌ಗೆ ಹೋಗಿ ಬರಲಿ. ಅದಕ್ಕೆ ನೀವು ಮನಸಾರೆ ಒಪ್ಪಿ.

ಈಗ ನಿಮ್ಮ ಭಯ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ದೊಡ್ಡವರಿಗೂ ಹೊಸಬರ ತರಗತಿಗಳಿವೆ. ಬೆಟ್ಟದ ತುದಿಗೆ ಯಾರೂ ಎಳೆದೊಯ್ಯುವುದಿಲ್ಲ. ಮೊದಲ ದಿನ ಬೂಟು ಹಾಕಿ ನಡೆಯುವುದು, ಬಿದ್ದರೆ ಏಳುವುದು, ಸ್ಕೀಗಳ ಮೂತಿ ಕೂಡಿಸಿ ಹಿಂದೆ ಅಗಲಿಸಿ ವೇಗ ತಗ್ಗಿಸುವುದು, ಇಷ್ಟೇ. ಮೇಲೆ ಹೋಗಲು ನೆಲದ ಮೇಲೆ ಚಲಿಸುವ ಪಟ್ಟಿ ಇರುತ್ತದೆ, ನಿಂತರೆ ಸಾಕು. ಒಂದು ಮಾತು ಮಾತ್ರ ದಯವಿಟ್ಟು ಕೇಳಿ: ಗಂಡನಿಂದ ಕಲಿಯಬೇಡಿ. ಅವರಿಗೆ ಎಷ್ಟೇ ಚೆನ್ನಾಗಿ ಬಂದರೂ ಬೇಡ. ಹೆದರಿದ ಹೆಂಡತಿ, ಅವಸರದ ಗಂಡ, ಜಾರುವ ನೆಲ ಮೂರೂ ಸೇರಿದರೆ ಸಂಜೆಗೆ ಮಾತು ಬಿಡುವುದು ಖಂಡಿತ. ಮಕ್ಕಳೂ ಸ್ಕೀ ಶಾಲೆಯವರ ಕೈಯಲ್ಲೇ ಕಲಿಯಲಿ. ನಿಮ್ಮ ಮಗಳ ಆಸೆ ಸುಮ್ನೆ ಹಟವಲ್ಲ. ಬವೇರಿಯಾದ ಎಷ್ಟೋ ಶಾಲೆಗಳು ಏಳನೇ ತರಗತಿ ಹೊತ್ತಿಗೆ ಮಕ್ಕಳನ್ನು ಸ್ಕೀ ಕ್ಯಾಂಪಿಗೆ ಕರೆದೊಯ್ಯುತ್ತವೆ. ಅದಕ್ಕೆ ಮೊದಲೇ ಸ್ವಲ್ಪ ಕಲಿತಿದ್ದರೆ ಅವಳಿಗೆ ಧೈರ್ಯ ಇರುತ್ತದೆ.

ಒಂದು ಬೆಳಗ್ಗೆ ತರಗತಿಗೆ ಹೋಗಿ ನೋಡಿ. ಹಿಡಿಸದಿದ್ದರೆ ಅಲ್ಲಿಗೇ ಬಿಡಿ, ಯಾರಿಗೂ ಸಮಜಾಯಿಷಿ ಕೊಡಬೇಕಾಗಿಲ್ಲ. ಅತ್ತೆ ಜೊತೆ ನಡೆದಾಡಿಕೊಂಡು, ಬಿಸಿ ಚಾಕೊಲೇಟ್ ಕುಡಿದುಕೊಂಡು ವಾರ ಕಳೆಯುವುದೂ ರಜೆಯೇ. ಆದರೆ ಆ ತೀರ್ಮಾನ ಅಲ್ಲಿಗೆ ಹೋದಮೇಲೆ ಆಗಲಿ, ನಿಮ್ಮ ಅಡುಗೆಮನೆಯಲ್ಲಿ ನಿಂತು ಬೇಡ. ನೀವು ತರಗತಿಯಲ್ಲಿರುವ ಹೊತ್ತು ಅಪ್ಪ ಅಮ್ಮನ ಜೊತೆ ನಿಮ್ಮ ಯಜಮಾನರು ಇರಬೇಕು. ಇದನ್ನು ಹೊರಡುವ ಮೊದಲೇ ಬಾಯಿಬಿಟ್ಟು ಹೇಳಿ.

ಅತ್ತೆ ಮಾವನನ್ನು ಯಾರಾದರೂ ಕೇಳಿದ್ದೀರಾ? ಅವರು ಬರಲಾರರು ಎಂದು ನೀವೇ ತೀರ್ಮಾನಿಸಿದಂತಿದೆ. ಫೋನ್ ಮಾಡಿ ಕೇಳಿ. ಹಿಮ ನೋಡುವ ಆಸೆ ಅವರಿಗೂ ಇರಬಹುದು ಅಲ್ವಾ? ಮಾವ ಬರುವ ಮುಂಚೆ ಹಾಸನದ ಡಾಕ್ಟರಿಗೆ ಒಮ್ಮೆ ತೋರಿಸಿಕೊಂಡು, ಚಳಿ ಮತ್ತು ಎತ್ತರದ ಬಗ್ಗೆ ಕೇಳಲಿ. ಸೇಫೆಲ್ಡ್ ಚಿಕ್ಕಮಗಳೂರಿಗಿಂತ ಅಷ್ಟೇನೂ ಎತ್ತರವಿಲ್ಲ. ಪ್ರವಾಸಿಗಳು ಹೋಗುವ ಎತ್ತರದ ಜಾಗಗಳು, ಜರ್ಮನಿಯ 2962 ಮೀಟರಿನ ತ್ಸುಗ್‌ಶ್ಪಿಟ್ಸೆ ಶಿಖರ ಆಗಲಿ, ಸ್ವಿಟ್ಜರ್ಲೆಂಡಿನ 3454 ಮೀಟರಿನ ಯುಂಗ್‌ಫ್ರಾವ್‌ಯೋಖ್ ಆಗಲಿ, ಡಾಕ್ಟರು ಸರಿ ಎನ್ನದೆ ಬೇಡ. ಅತ್ತೆಗೆ ಮಂಜುಗಡ್ಡೆಯಲ್ಲಿ ಹಿಡಿತ ಕೊಡುವ, ಶೂಗೆ ಸಿಕ್ಕಿಸುವ ಮುಳ್ಳಿನ ಪಟ್ಟಿ ಮತ್ತು ಒಂದು ಊರುಗೋಲು ಕೊಳ್ಳಿ.

ಊಟಕ್ಕೆ ಹೋಟೆಲ್ ನಂಬಬೇಡಿ, ಅಡುಗೆಮನೆ ಇರುವ ರಜಾ ಮನೆ ಹಿಡಿಯಿರಿ. ಬೆಟ್ಟದ ಹೋಟೆಲುಗಳಲ್ಲಿ ಸಿಗುವ, ತೆಳು ಪ್ಯಾನ್‌ಕೇಕ್ ಚೂರುಗಳ ಫ್ರಿಟಾಟನ್ ಸೂಪು ಮೇಲ್ನೋಟಕ್ಕೆ ಸಸ್ಯಾಹಾರದಂತೆ ಕಾಣುತ್ತದೆ, ಆದರೆ ಅದು ಸಾಮಾನ್ಯವಾಗಿ ದನದ ಮೂಳೆಯ ಸಾರು. ಚೀಸ್ ಬೆರೆಸಿದ ನೂಡಲ್ಸಿನಂಥ ಕೇಸ್‌ಶ್ಪೆಟ್ಸ್ಲೆಯಲ್ಲಿ ಮಾಂಸ ಇರುವುದಿಲ್ಲ, ಮೊಟ್ಟೆ ಇರುತ್ತದೆ. ಅಕ್ಕಿ, ಬೇಳೆ, ಸಾರಿನ ಪುಡಿ ಒಯ್ಯಿರಿ. ಅಡುಗೆ ಸರದಿ ಪ್ರಕಾರ ನಡೆಯಲಿ, ವಾರವಿಡೀ ನಿಮ್ಮೊಬ್ಬರ ಮೇಲೇ ಬೀಳಬಾರದು.

ಖರ್ಚು ಜಾಸ್ತಿಯೇ. ಆ ವಾರ ಎಲ್ಲೆಡೆ ದರ ಏರಿರುತ್ತದೆ. ಸ್ಕೀ, ಬೂಟು, ಹೆಲ್ಮೆಟ್ ಏನನ್ನೂ ಕೊಳ್ಳಬೇಡಿ, ಬಾಡಿಗೆಗೆ ತಗೊಳ್ಳಿ. ಮೊದಲ ದಿನಗಳಿಗೆ ಇಡೀ ಬೆಟ್ಟದ ಪಾಸ್ ಬೇಕಾಗುವುದಿಲ್ಲ, ಕಲಿಕೆಯ ಲಿಫ್ಟಿನ ಟಿಕೆಟ್ ಸಾಕು. ಉಳಿತಾಯ ಮಾಡಬಾರದ್ದು ವಿಮೆಯಲ್ಲಿ. ಬೆಟ್ಟದಿಂದ ಹೆಲಿಕಾಪ್ಟರಿನಲ್ಲಿ ತರುವ ಖರ್ಚನ್ನು ಮಾಮೂಲಿ ಆರೋಗ್ಯ ವಿಮೆ ಪೂರ್ತಿ ಕೊಡದೇ ಹೋಗಬಹುದು. ಆಲ್ಪ್ಸ್ ಪರ್ವತ ಸಂಘದ ಸದಸ್ಯತ್ವದಲ್ಲಿ ರಕ್ಷಣಾ ವಿಮೆಯೂ ಸೇರಿರುತ್ತದೆ, ವಿಚಾರಿಸಿ. ಅತ್ತೆ ಮಾವನ ವೀಸಾ ವಿಮೆಯಲ್ಲಿ ಏನೇನು ಬಿಟ್ಟಿದ್ದಾರೆ ಅಂತಲೂ ಓದಿ.

ಇವತ್ತು ರಾತ್ರಿ ಮಕ್ಕಳು ಮಲಗಿದ ಮೇಲೆ ಯಜಮಾನರಿಗೆ ಹೀಗೆ ಹೇಳಿ ನೋಡಿ: "ನನಗೂ ಬರಬೇಕು ಅಂತಿದೆ, ಆದ್ರೆ ಭಯ ಆಗುತ್ತೆ. ಅಪ್ಪ ಅಮ್ಮನ್ನ ನಾವಿಬ್ಬರೂ ಸೇರಿ ನೋಡಿಕೊಂಡರೆ ಬರ್ತೀನಿ." ಅವರು ಒಪ್ಪಿದ ಕೂಡಲೇ ಮೊದಲು ಸ್ಕೀ ಶಾಲೆಯಲ್ಲಿ ಜಾಗ ಕಾದಿರಿಸಿ, ಆಮೇಲೆ ಮನೆ. ಫಾಶಿಂಗ್ ವಾರದಲ್ಲಿ ಚಿಕ್ಕ ಮಕ್ಕಳ ತರಗತಿಗಳು ಬೇಗ ತುಂಬುತ್ತವೆ.