ಮೂರನೇ ಸುತ್ತಿಗೆ ಕರಗಬೇಕಿದ್ದ ಬೆಣ್ಣೆ

ನಿಮ್ಮ ಪ್ರಶ್ನೆಯಲ್ಲಿ ‘ಆಯೋಜಕರು’ ಎಂಬ ಪದ ಬಂದಾಗಲೇ ಉಳಿದದ್ದು ನನಗೆ ಗೊತ್ತಾಗಿಹೋಯಿತು. ನಿಮ್ಮದು ಮೊದಲ ವೃತ್ತಿಪರ ಬಾಕ್ಸಿಂಗ್ ಬೌಟ್, ಅಂದರೆ ಪಂದ್ಯ, ಟಿಕೆಟ್ ಹೋಗುತ್ತಿಲ್ಲ, ಎದುರಾಳಿಯನ್ನು ಹೀಯಾಳಿಸಿ ವಿಡಿಯೊ ಮಾಡಿ ಎನ್ನುತ್ತಿದ್ದಾರೆ. ನೀವು ಮಾತು ಕಡಿಮೆಯವರು, ಆ ಕಲೆಯನ್ನು ಕಲಿಯಲೇಬೇಕೇ ಎಂದು ಕೇಳಿದ್ದೀರಿ. ನಾನು ಕಲಿಯಬೇಕಾಗಿರಲಿಲ್ಲ, ಹುಟ್ಟಿನಿಂದಲೇ ಬರುತ್ತಿತ್ತು. ಅದರಿಂದಲೇ ಕೆಟ್ಟೆ.

ನಮ್ಮದು ಸಾಗರದ ಕಡೆಯ ಹಳ್ಳಿ. ಅಪ್ಪಯ್ಯ ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಸೋದರಮಾವ ತಾಳಮದ್ದಲೆಯ ಅರ್ಥಧಾರಿ, ಅಂದರೆ ವೇಷವಿಲ್ಲದ ಯಕ್ಷಗಾನದಲ್ಲಿ ಕೂತು ಮಾತಿನಲ್ಲೇ ಪಾತ್ರ ನಡೆಸುವವರು. ಮಳೆಗಾಲದಲ್ಲಿ ಅವರು ಮನೆಗೆ ಬಂದರೆ ಊಟದ ಎಲೆಯ ಮುಂದೆಯೇ ಭೀಮ, ದುರ್ಯೋಧನ ಇಬ್ಬರೂ ಹಾಜರಾಗುತ್ತಿದ್ದರು. ಹೀಗಾಗಿ ನನ್ನ ಮುಷ್ಟಿ ಗಟ್ಟಿಯಾಗುವ ಮೊದಲೇ ನಾಲಿಗೆ ಗಟ್ಟಿಯಾಗಿತ್ತು. ಹನ್ನೊಂದು ಹವ್ಯಾಸಿ ಪಂದ್ಯ ಆಡಿ, ಆಮೇಲೆ ನಾಲ್ಕು ಸುತ್ತಿನ ಎರಡು ವೃತ್ತಿಪರ ಬೌಟ್ ಗೆದ್ದೆ. ಮೂರನೆಯದು ಶಿವಮೊಗ್ಗದಲ್ಲೇ, 2017ರಲ್ಲಿ, ಊರಾಚೆಯ ಒಂದು ಕಲ್ಯಾಣ ಮಂಟಪದಲ್ಲಿ. ಮದುವೆಯ ವೇದಿಕೆಯ ಮುಂದೆ ರಿಂಗ್ ಕಟ್ಟಿದ್ದರು. ಆರು ಸುತ್ತು, ವೆಲ್ಟರ್ ತೂಕ, ಅಂದರೆ 147 ಪೌಂಡ್ ಮಿತಿ. ಎದುರಾಳಿ ದಾವಣಗೆರೆಯವರು. ಹೆಸರು ಬೇಡ, ಈಗಲೂ ಅವರನ್ನು ‘ಬೆಣ್ಣೆಯವರು’ ಎಂದೇ ಕರೆಯುತ್ತೇನೆ. ಕಾರಣ ಮುಂದಿದೆ.

ಗೋಪಿ ಸರ್ಕಲ್ಲಿನಲ್ಲಿ ನಮ್ಮಿಬ್ಬರ ಫ್ಲೆಕ್ಸ್ ಹಾಕಿದ ದಿನ ಆಯೋಜಕರು ಮೊಬೈಲ್ ಹಿಡಿದು ಬಂದರು. ‘ಏನಾದರೂ ಖಾರವಾಗಿ ಹೇಳಿ, ಜನ ಬರಬೇಕು’ ಎಂದರು. ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ‘ದಾವಣಗೆರೆಯ ಬೆಣ್ಣೆ ನೋಡಲು ಗಟ್ಟಿ. ಕಾವಲಿಗೆ ಬಿದ್ದ ಮೇಲೆ ಗೊತ್ತಾಗುತ್ತದೆ. ಮೂರನೇ ಸುತ್ತಿಗೆ ಕರಗಿ ಹರಿಯುತ್ತದೆ, ದೋಸೆ ತಿನ್ನಲು ಬನ್ನಿ’ ಎಂದುಬಿಟ್ಟೆ.

ಒಳ್ಳೆಯ ಮಾತು ಅದು, ಇವತ್ತಿಗೂ ನನಗೆ ಹಾಗೆಯೇ ಅನ್ನಿಸುತ್ತದೆ. ಮಾರನೆಯ ದಿನ ಬಸ್ ನಿಲ್ದಾಣದ ಚಹಾದ ಅಂಗಡಿಯಲ್ಲಿ ಗುರುತಿಲ್ಲದವರು ‘ಬೆಣ್ಣೆ ಕರಗಿಸುವವರು ನೀವೇ ಅಲ್ಲವೇ’ ಎಂದು ಕೇಳಿದರು. ಚಹಾಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ನಾನು ಚಾಂಪಿಯನ್ನೇ ಆಗಿಬಿಟ್ಟೆ ಎಂದುಕೊಂಡೆ.

ಈಗ ನನ್ನ ತಪ್ಪಿನ ವಿಷಯ. ಈ ಕಥೆ ಹೇಳಿದಾಗಲೆಲ್ಲ ಕೇಳಿದವರು ‘ಎದುರಾಳಿಯನ್ನು ಅವಮಾನಿಸಿದ್ದು ತಪ್ಪಾಯಿತು’ ಎಂದು ತಲೆಯಾಡಿಸುತ್ತಾರೆ. ಅಲ್ಲ. ದಾವಣಗೆರೆಯವರಿಗೆ ಬೆಣ್ಣೆಯ ಹೆಸರೆತ್ತಿದರೆ ಅವಮಾನವೇ? ಅವರೇ ನಕ್ಕಿದ್ದರಂತೆ. ನನ್ನ ತಪ್ಪು ಇಡೀ ಮಾತಿನಲ್ಲಿದ್ದ ಒಂದೇ ಪದ: ‘ಮೂರನೇ’.

ಆ ಸಂಖ್ಯೆ ಬಾಯಿಗೆ ಬಂದದ್ದಾದರೂ ಹೇಗೆ? ಒಂದು, ಹವ್ಯಾಸಿ ಪಂದ್ಯಕ್ಕೆ ಮೂರೇ ಸುತ್ತು. ವರ್ಷಗಟ್ಟಲೆ ನನ್ನ ಮೈಗೆ ಗೊತ್ತಿದ್ದದ್ದು ಅಷ್ಟೇ, ಮೂರು ಎಂದರೆ ಮುಗಿಯಿತು ಎಂದೇ ಅರ್ಥ. ಎರಡು, 2016ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ವಿಜೇಂದರ್ ಸಿಂಗ್ ಅವರು ತಾಂಜಾನಿಯಾದ ಫ್ರಾನ್ಸಿಸ್ ಚೆಕಾ ಅವರನ್ನು ಮೂರನೇ ಸುತ್ತಿನಲ್ಲಿ ಮುಗಿಸಿದ್ದನ್ನು ಟಿವಿಯಲ್ಲಿ ನೋಡಿದ್ದೆ. ಪಂದ್ಯಕ್ಕೆ ಮುಂಚೆ ಅಬ್ಬರಿಸಿದ್ದವರು ಚೆಕಾ. ಅದರಿಂದ ನಾನು ಕಲಿಯಬೇಕಾಗಿದ್ದದ್ದು ಬಾಯಿ ಮುಚ್ಚುವುದನ್ನು. ಕಲಿತದ್ದು ಮಾತ್ರ ಮೂರನೇ ಸುತ್ತು.

ಪಂದ್ಯದ ದಿನ ಮೊದಲ ಎರಡು ಸುತ್ತು ನಾನು ಚೆನ್ನಾಗಿಯೇ ಆಡಿದೆ. ಎಡಗೈ ಜಾಬ್, ಅಂದರೆ ಮುಂದಿನ ಕೈಯ ಚುರುಕಾದ ನೇರ ಏಟು, ಪಕ್ಕಕ್ಕೆ ಒಂದು ಹೆಜ್ಜೆ, ಮತ್ತೆ ಜಾಬ್. ಎರಡೂ ಸುತ್ತು ನನ್ನವೇ; ಸುತ್ತು ಗೆದ್ದವರಿಗೆ ಹತ್ತು, ಸೋತವರಿಗೆ ಒಂಬತ್ತರಂತೆ ಅಂಕ 20–18. ಕಾರ್ನರಿಗೆ ಬಂದಾಗ ಕೋಚ್ ಬಾಯಿಗೆ ನೀರು ಹಾಕಿ, ‘ಇದೇ ಸಾಕು. ಹೀಗೇ ಇನ್ನು ನಾಲ್ಕು ಸುತ್ತು. ಆತುರ ಬೇಡ’ ಎಂದರು. ನಾನು ತಲೆಯಾಡಿಸಿದೆ. ಆದರೆ ಕಿವಿ ಅವರ ಕಡೆ ಇರಲಿಲ್ಲ. ಹಿಂದಿನ ಸಾಲಿನಿಂದ ಯಾರೋ ‘ಬೆಣ್ಣೆ! ಬೆಣ್ಣೆ!’ ಎಂದು ಶುರು ಮಾಡಿದ್ದರು. ಗಂಟೆ ಹೊಡೆಯುವ ಹೊತ್ತಿಗೆ ಇಡೀ ಮಂಟಪ ಕುರ್ಚಿ ಬಡಿಯುತ್ತಿತ್ತು.

ನೋಡಿ, ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನನ್ನ ಇಡೀ ವೃತ್ತಿ ಆ ಮೂರು ನಿಮಿಷಗಳಲ್ಲೇ ಹೋದದ್ದು. ಒಂದು ಸುತ್ತು ಮೂರು ನಿಮಿಷ, ನಡುವೆ ಒಂದು ನಿಮಿಷ ವಿರಾಮ. ಆರು ಸುತ್ತಿಗೆ ಹದಿನೆಂಟು ನಿಮಿಷದ ಉಸಿರನ್ನು ಹಂಚಿಕೊಳ್ಳಬೇಕು. ಗುರಿಗೆ ತಗುಲಿದ ಏಟಿಗಿಂತ ತಪ್ಪಿದ ಏಟು ಹೆಚ್ಚು ದಣಿಸುತ್ತದೆ. ತಗುಲಿದರೆ ಎದುರಾಳಿಯ ಮೈ ನಿಮ್ಮ ಕೈಯನ್ನು ನಿಲ್ಲಿಸುತ್ತದೆ, ತಪ್ಪಿದರೆ ನಿಮ್ಮ ಭುಜವೇ ನಿಲ್ಲಿಸಬೇಕು. ಗಾರ್ಡಿನ ಮೇಲೆ, ಅಂದರೆ ಅಡ್ಡ ಹಿಡಿದ ಕೈಗಳ ಮೇಲೆ, ಬಿದ್ದ ಏಟಿನಿಂದ ಅಂಕವೂ ಇಲ್ಲ, ಎದುರಾಳಿಗೆ ನೋವೂ ಇಲ್ಲ, ಖರ್ಚು ಮಾತ್ರ ಪೂರ್ತಿ. ನಾನು ಜಾಬ್ ಬಿಟ್ಟೆ. ಎರಡೂ ಕೈ ಬೀಸುತ್ತ ನುಗ್ಗಿದೆ. ಬೆಣ್ಣೆಯವರು ನಿಧಾನವಾಗಿ ಹಗ್ಗಕ್ಕೆ ಒರಗಿದರು, ಮೊಣಕೈ ಪಕ್ಕೆಗೆ ಒತ್ತಿಕೊಂಡರು, ಗ್ಲೌಸಿನ ಹಿಂದೆ ಮುಖ ಮುಚ್ಚಿಕೊಂಡರು. ಬಾಡಿಗೆ ಮನೆಯ ಬಾಗಿಲು ಬಡಿದಂತೆ ಬಡಿದೆ, ಒಳಗಿನಿಂದ ಉತ್ತರವಿಲ್ಲ. ಒಂದೂವರೆ ನಿಮಿಷ ಆಗುವಷ್ಟರಲ್ಲಿ ತೋಳು ಮಳೆಯಲ್ಲಿ ನೆನೆದ ಅಡಿಕೆ ಚೀಲವಾಗಿತ್ತು. ನಿಲ್ಲಿಸಬಹುದಿತ್ತು. ಹಿಂದೆ ಸರಿದು ಉಸಿರು ತೆಗೆದುಕೊಂಡಿದ್ದರೆ ಸುತ್ತು ಹೋಗುತ್ತಿತ್ತು, ಪಂದ್ಯ ಹೋಗುತ್ತಿರಲಿಲ್ಲ. ಆದರೆ ಮೂರನೇ ಸುತ್ತಿನಲ್ಲಿ ಹಿಂದೆ ಸರಿಯುವುದು ಹೇಗೆ? ದೋಸೆ ತಿನ್ನಲು ಜನರನ್ನು ಕರೆದವನು ನಾನೇ ಅಲ್ಲವೇ?

ಗಂಟೆ ಹೊಡೆಯಿತು. ಬೆಣ್ಣೆ ಕರಗಿರಲಿಲ್ಲ. ಮಂಟಪದಲ್ಲಿ ಒಂದು ನಗೆ ಎದ್ದಿತು. ಆ ನಗೆ ನನ್ನ ಊರಿನವರದೇ.

ನಾಲ್ಕನೆಯದರಲ್ಲಿ ನನ್ನ ಎಡಗೈ ಎದೆಯ ಮಟ್ಟಕ್ಕೆ ಇಳಿದಿತ್ತು, ಮೇಲೆತ್ತಲು ಆಗುತ್ತಿರಲಿಲ್ಲ. ಅದರ ಮೇಲಿನಿಂದ ಅವರ ಬಲಗೈ ಬಂತು. ಬಿದ್ದೆ, ಎಂಟು ಎಣಿಸುವಷ್ಟರಲ್ಲಿ ಎದ್ದೆ. ಐದನೆಯದರಲ್ಲಿ ಕೋಚ್ ಸೋಲೊಪ್ಪಿ ರಿಂಗಿಗೆ ಟವೆಲ್ ಎಸೆದರು.

ಆಮೇಲೆ, ವಧುವಿನ ಕೋಣೆ ಎಂದು ಬರೆದಿದ್ದ ಡ್ರೆಸ್ಸಿಂಗ್ ರೂಮಿನಲ್ಲಿ ಅವರು ಬಂದು ಪಕ್ಕದಲ್ಲಿ ಕುಳಿತರು. ‘ಅಣ್ಣ, ನಿಮ್ಮ ವಿಡಿಯೊ ನಮ್ಮ ಕೋಚಿಗೆ ಬಹಳ ಇಷ್ಟವಾಯಿತು. ಎರಡು ವಾರ ನನಗೆ ಮೂರನೇ ಸುತ್ತನ್ನು ಮಾತ್ರ ಅಭ್ಯಾಸ ಮಾಡಿಸಿದರು. ಹಗ್ಗಕ್ಕೆ ನಿಲ್ಲಿಸಿ ಇಬ್ಬರು ಹುಡುಗರಿಂದ ಸರದಿಯಲ್ಲಿ ಹೊಡೆಸಿದರು’ ಎಂದರು. ವ್ಯಂಗ್ಯ ಇರಲಿಲ್ಲ, ನಿಜವಾಗಿಯೂ ಉಪಕಾರ ಸ್ಮರಿಸುತ್ತಿದ್ದರು. ಯಾವಾಗ ಬರುತ್ತೇನೆ ಎಂದು ನಾನೇ ಪತ್ರ ಬರೆದು ತಿಳಿಸಿದ್ದೆ.

ಮನೆಗೆ ಬಂದಾಗ ಮಾವ ಜಗಲಿಯಲ್ಲಿ ಕೂತಿದ್ದರು. ಉತ್ತರನ ಪೌರುಷ ಒಲೆಯ ಮುಂದೆ ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ಹಾಗೆನ್ನಲಿಲ್ಲ. ‘ನಾನು ದುರ್ಯೋಧನನ ಅರ್ಥ ಹೇಳುವಾಗ ಭೀಮನನ್ನು ಎಷ್ಟು ಬೇಕಾದರೂ ಜರೆಯುತ್ತೇನೆ. ಕೊನೆಗೆ ತೊಡೆ ಮುರಿಯುವುದು ನನ್ನದೇ ಎಂದು ಪದ್ಯ ಮೊದಲೇ ಇದೆ. ಭಾಗವತರು ಹಾಡಿದರೆ ಬೀಳುತ್ತೇನೆ, ಮಂಗಳ ಆದ ಮೇಲೆ ಭೀಮನ ಜೊತೆ ಕಾಫಿ ಕುಡಿಯುತ್ತೇನೆ. ನಿನ್ನ ಪ್ರಸಂಗಕ್ಕೆ ಪದ್ಯ ಬರೆದವರು ಯಾರು?’ ಎಂದು ಕೇಳಿದರು.

ಈ ಮಾತು ತಲೆಯಲ್ಲಿ ಕೂತ ಮೇಲೆ ಮುಹಮ್ಮದ್ ಅಲಿ ಅವರ ಕಥೆಯೂ ನನಗೆ ಬೇರೆ ರೀತಿ ಕಾಣಿಸಿತು. ನಿಮ್ಮ ಆಯೋಜಕರು ಅವರ ಹೆಸರನ್ನೇ ಹೇಳಿ ನಿಮ್ಮನ್ನು ಹುರಿದುಂಬಿಸುತ್ತಿದ್ದಾರೆ ಎಂದು ಬರೆದಿದ್ದೀರಿ. ಅಲಿ, ಆಗಿನ್ನೂ ಕ್ಯಾಷಿಯಸ್ ಕ್ಲೇ, ಈ ಬಡಾಯಿಯ ಗುಟ್ಟನ್ನು 1961ರಲ್ಲಿ ಲಾಸ್ ವೇಗಾಸಿನಲ್ಲಿ ಕಲಿತದ್ದು ‘ಗಾರ್ಜಸ್ ಜಾರ್ಜ್’ ಎಂಬ ಕುಸ್ತಿಪಟುವಿನಿಂದ. ಯಾವ ಕುಸ್ತಿ? ಕೋಟೆ ಮಾರಿಕಾಂಬ ಜಾತ್ರೆಯಲ್ಲಿ ನಾವು ನೋಡುವ ಮಣ್ಣಿನ ಕುಸ್ತಿಯಲ್ಲ. ಫಲಿತಾಂಶ ಮೊದಲೇ ನಿಶ್ಚಯವಾಗಿರುವ ಅಮೆರಿಕದ ಪ್ರದರ್ಶನ ಕುಸ್ತಿ. ಅಂದರೆ ಪದ್ಯ ಬರೆದಿಟ್ಟ ಕಡೆಯಿಂದ ಪದ್ಯವಿಲ್ಲದ ಕಡೆಗೆ ಆ ಮಾತನ್ನು ತಂದರು.

ಅವರೂ ಸುತ್ತಿನ ಸಂಖ್ಯೆ ಹೇಳುತ್ತಿದ್ದರು. 1962ರಲ್ಲಿ ಆರ್ಚಿ ಮೂರ್ ನಾಲ್ಕಕ್ಕೆ ಬೀಳುತ್ತಾರೆ ಎಂದರು, ಬಿದ್ದರು. 1963ರ ಮಾರ್ಚಿನಲ್ಲಿ ಡಗ್ ಜೋನ್ಸ್ ಅವರಿಗೆ ಮೊದಲು ಆರು ಎಂದು, ಆಮೇಲೆ ನಾಲ್ಕಕ್ಕೆ ಇಳಿಸಿದರು. ಪಂದ್ಯ ಹತ್ತೂ ಸುತ್ತು ನಡೆಯಿತು, ಗೆದ್ದರೂ ಜನ ಕೂಗಿ ಛೀಮಾರಿ ಹಾಕಿದರು. ಅದೇ ವರ್ಷ ಜೂನಿನಲ್ಲಿ ಲಂಡನ್ನಿನಲ್ಲಿ ಹೆನ್ರಿ ಕೂಪರ್ ಐದಕ್ಕೆ ಬೀಳುತ್ತಾರೆ ಎಂದಿದ್ದರು ಅಲಿ. ಐದರಲ್ಲೇ ಮುಗಿಯಿತು ನಿಜ, ಆದರೆ ನಾಲ್ಕರ ಕೊನೆಯಲ್ಲಿ ಕೂಪರ್ ಅವರ ಎಡ ಹುಕ್, ಅಂದರೆ ಪಕ್ಕದಿಂದ ಬಾಗಿ ಬರುವ ಏಟು, ತಗುಲಿ ಅಲಿ ನೆಲಕ್ಕೆ ಕುಳಿತಿದ್ದರು. ಗಂಟೆ ಅವರನ್ನು ಉಳಿಸಿತು. ನನ್ನನ್ನು ಯಾವ ಗಂಟೆಯೂ ಉಳಿಸಲಿಲ್ಲ.

1964ರ ಫೆಬ್ರವರಿ 25ರಂದು ಆಗಿನ ಹೆವಿವೇಟ್ ಚಾಂಪಿಯನ್ ಸೋನಿ ಲಿಸ್ಟನ್ ಎದುರು ಅಲಿ ಮಾಡಿದ್ದೇ ಬೇರೆ. ಆ ಬೆಳಿಗ್ಗೆ ತೂಕ ನೋಡುವಾಗ ಹುಚ್ಚರಂತೆ ಕಿರುಚಾಡಿದರು. ನಾಡಿ 120 ದಾಟಿದೆ ಎಂದರು ವೈದ್ಯರು. 2,500 ಡಾಲರ್ ದಂಡ ಬಿತ್ತು. ಹೆದರಿ ಬುದ್ಧಿ ಕಳೆದುಕೊಂಡಿದ್ದಾನೆ ಎಂದೇ ಎಲ್ಲರೂ ನಂಬಿದರು. ರಾತ್ರಿ ರಿಂಗಿನಲ್ಲಿ ಆ ಹುಚ್ಚು ಎಲ್ಲೂ ಇರಲಿಲ್ಲ. ತಣ್ಣಗೆ, ಹಿಂದೆ ಸರಿಯುತ್ತ, ಜಾಬ್ ಹಾಕುತ್ತ ಆಡಿದರು. ಏಳನೇ ಸುತ್ತಿಗೆ ಲಿಸ್ಟನ್ ಸ್ಟೂಲಿನಿಂದ ಏಳಲಿಲ್ಲ. ಎಂಟಕ್ಕೆ ಬೀಳುತ್ತಾನೆ ಎಂದಿದ್ದ ಭವಿಷ್ಯ ತಪ್ಪಾದದ್ದನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ. ಅವರ ಬಾಯಿ ಅವರ ಯೋಜನೆಯನ್ನು ಮುಚ್ಚಿತು, ನನ್ನ ಬಾಯಿ ನನ್ನದನ್ನು ಬಿಚ್ಚಿತು.

ಹಾಗಾದರೆ ಟಿಕೆಟ್? ಅದಕ್ಕೆ ಬರುತ್ತೇನೆ. ಹೀಯಾಳಿಸುವುದೂ ಪ್ರಚಾರವೂ ಒಂದೇ ಎಂದು ನೀವು ಒಪ್ಪಿಕೊಂಡುಬಿಟ್ಟಿದ್ದೀರಿ. ನಾನು ಒಪ್ಪುವುದಿಲ್ಲ, ಏಕೆಂದರೆ ಎಣಿಸಿದ್ದೇನೆ. ನನಗೆ ಮಾರಲು ಕೊಟ್ಟ ಟಿಕೆಟುಗಳಲ್ಲಿ 131 ಹೋದವು. ವಿಡಿಯೊಗೆ ಮುಂಚೆಯೇ 118. ಮಂಡಿಯ ಹಮಾಲರು, ಅಪ್ಪಯ್ಯನ ಪರಿಚಯದ ಬೆಳೆಗಾರರು, ಕೋಟೆ ಕಡೆಯ ಗರಡಿಯ ಹುಡುಗರು, ಗಾಂಧಿ ಬಜಾರಿನಲ್ಲಿ ಅಂಗಡಿಯಿಂದ ಅಂಗಡಿಗೆ ನಾನೇ ಹತ್ತಿಳಿದು ಕೊಟ್ಟದ್ದು. ವಿಡಿಯೊ ಆದ ಮೇಲೆ ಹೋದದ್ದು ಹದಿಮೂರು. ಅದರಲ್ಲಿ ಒಂಬತ್ತು ಶಿವಮೊಗ್ಗದಲ್ಲಿ ನೆಲೆಸಿದ ದಾವಣಗೆರೆಯವರು, ನಾನು ಬೀಳುವುದನ್ನು ನೋಡಲು ಬಂದವರು. ಬಡಾಯಿಗೆ ಜನ ಬರುತ್ತಾರೆ ನಿಜ, ಆದರೆ ಅದು ಟಿವಿಯ ಮುಂದೆ ಲಕ್ಷಗಟ್ಟಲೆ ಜನ ದುಡ್ಡು ಕೊಟ್ಟು ನೋಡುವ ಕಡೆ. ಅಮೆರಿಕದ ಬಾಕ್ಸರ್ ಫ್ಲಾಯ್ಡ್ ಮೇವೆದರ್ ‘ಮನಿ’ ಎಂದು ಹೆಸರಿಟ್ಟುಕೊಂಡು ಮೆರೆದರೆ ಅದಕ್ಕೊಂದು ಲೆಕ್ಕವಿದೆ, ಐವತ್ತಕ್ಕೆ ಐವತ್ತು ಗೆದ್ದ ದಾಖಲೆಯೂ ಇದೆ. ನಾನೂರು ಕುರ್ಚಿಯ ಮಂಟಪಕ್ಕೆ ಬೇಕಾದದ್ದು ನಿಮ್ಮ ಹೆಸರು ಗೊತ್ತಿರುವ ನಾನೂರು ಜನ.

ಇನ್ನು, ಎದುರಾಳಿಯ ತಂದೆ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಾರೆ, ಅದನ್ನು ಎತ್ತಿ ಆಡಿ ಎಂದು ನಿಮಗೆ ಹೇಳಿದ್ದಾರಂತೆ. ಬೇಡ. ಇದರಲ್ಲಿ ತೂಗಿ ನೋಡುವುದೇನೂ ಇಲ್ಲ. ಬಾಕ್ಸರ್ ಜೋ ಫ್ರೇಜರ್ ಅವರು, ವಿಯೆಟ್ನಾಂ ಯುದ್ಧದ ಕಾಲದಲ್ಲಿ ಸೇನೆ ಸೇರಲು ಒಪ್ಪದೆ ಅಲಿ ನಿಷೇಧದಲ್ಲಿದ್ದಾಗ, ದುಡ್ಡು ಕೊಟ್ಟವರು, ಲೈಸೆನ್ಸ್ ಮರಳಿ ಸಿಗಲಿ ಎಂದು ಓಡಾಡಿದವರು. ಅವರನ್ನೇ ಅಲಿ 1975ರ ಮನಿಲಾ ಪಂದ್ಯಕ್ಕೆ ಮುಂಚೆ ಗೊರಿಲ್ಲಾ ಎಂದು ಕರೆದು, ರಬ್ಬರ್ ಗೊಂಬೆ ಹಿಡಿದು ಗುದ್ದಿ ನಗಿಸಿದರು. ಫ್ರೇಜರ್ ಅವರ ಮನಸ್ಸಿನ ಗಾಯ ದಶಕಗಳ ಕಾಲ ಆರಲಿಲ್ಲ. 2001ರಲ್ಲಿ ಅಲಿ ಪತ್ರಿಕೆಯ ಮೂಲಕ ಕ್ಷಮೆ ಕೇಳಬೇಕಾಯಿತು. ಬೆಣ್ಣೆಯ ಮಾತಿಗೂ ಇದಕ್ಕೂ ಇರುವ ಅಂತರ ನಿಮಗೆ ಕಾಣಿಸದಿದ್ದರೆ ಗ್ಲೌಸ್ ಬಿಚ್ಚಿಡಿ. ಕಾಣಿಸಿದೆ, ಅದಕ್ಕೇ ಕೇಳಿದ್ದೀರಿ.

ನೀವು ಮಾಡಬೇಕಾದದ್ದು ಇಷ್ಟು. ಒಪ್ಪಂದ ತೆಗೆದು ಓದಿ; ವಿಡಿಯೊ ಮಾಡಲೇಬೇಕು ಎಂದು ಅದರಲ್ಲಿ ಬರೆದಿರದಿದ್ದರೆ ಆಯೋಜಕರದು ಬರೀ ಆಸೆ. ಬರೆದಿದ್ದರೆ ನಿಮ್ಮ ಅಭ್ಯಾಸದ ವಿಡಿಯೊ ಹಾಕಿ, ಎದುರಾಳಿ ಬಲಶಾಲಿ ಎಂದು ಹೇಳಿ. ಸೋತವನನ್ನು ಹೊಡೆಯುವುದನ್ನು ನೋಡಲು ಯಾರು ದುಡ್ಡು ಕೊಡುತ್ತಾರೆ? ಮಾತನಾಡಲೇಬೇಕಾದರೆ ಎಡಗೈಯನ್ನು ಹೊಗಳಿಕೊಳ್ಳಿ, ಬಲಗೈಯನ್ನು ಅಭ್ಯಾಸ ಮಾಡಿ. ಸಂಖ್ಯೆ ಮಾತ್ರ ಹೇಳಬೇಡಿ, ಯಾವ ಸಂಖ್ಯೆಯನ್ನೂ. ಮಾತು ಬಾರದಿರುವುದನ್ನು ಕೊರತೆ ಎಂದು ಬರೆದುಕೊಂಡಿದ್ದೀರಲ್ಲ, ಅದನ್ನು ಓದಿ ನನಗೆ ಹೊಟ್ಟೆಕಿಚ್ಚಾಯಿತು.

ನಾನು ಆಮೇಲೆ ಇನ್ನೊಂದು ಬೌಟ್ ಆಡಿ ಸೋತೆ, ಬಿಟ್ಟೆ. ಈಗ ಪೈಪು, ನಲ್ಲಿ ಮಾರುವ ಅಂಗಡಿ ಇದೆ, ಸಂಜೆ ಹುಡುಗರಿಗೆ ಜಾಬ್ ಹೇಳಿಕೊಡುತ್ತೇನೆ. ಬೆಣ್ಣೆಯವರು ಸಿಗಂದೂರಿಗೆ ಹೋಗುವಾಗಲೆಲ್ಲ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ಅರ್ಧ ಕೆ.ಜಿ. ಬೆಣ್ಣೆ ಕೊಟ್ಟು ಹೋಗುತ್ತಾರೆ. ಅಮ್ಮ ಅದನ್ನು ದೋಸೆಯ ಮೇಲೆ ಹಾಕುವಾಗ ‘ಇದು ಎಷ್ಟನೇ ಸುತ್ತು?’ ಎಂದು ಕೇಳದೆ ಬಿಡುವುದಿಲ್ಲ.

ಪಂದ್ಯದ ದಿನಾಂಕ ಗೊತ್ತಾದಾಗ ಇಲ್ಲೇ ತಿಳಿಸಿ. ಎರಡು ಟಿಕೆಟ್ ತೆಗೆದಿಡಿ, ಒಂದು ನನಗೆ, ಒಂದು ಬೆಣ್ಣೆಯವರಿಗೆ. ಪಾಸ್ ಬೇಡ, ದುಡ್ಡು ಕೊಟ್ಟೇ ಬರುತ್ತೇವೆ.